ಮಡಿಲ ಮಗುವಿನ ಟಿಕೆಟ್

ವಿಮಾನ ನಿಲ್ದಾಣದ ಆ ಚೆಕ್-ಇನ್ ಕೌಂಟರಿನಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಸೂಟ್‌ಕೇಸು ಕೂದಲೆಳೆಯಷ್ಟು ಹೆಚ್ಚು ತೂಗಿದರೂ ಬಿಡುವವಳಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಕಂಪನಿ ಕ್ಷಮಿಸಿದರೂ ಅವಳು ಕ್ಷಮಿಸುತ್ತಿರಲಿಲ್ಲ. ಕಂಪನಿ ಕ್ಷಮಿಸಿದ್ದೂ ಇಲ್ಲ ಬಿಡಿ. ಬ್ಯಾಗಿಗೆ ಶುಲ್ಕ, ಕಿಟಕಿಗೆ ಶುಲ್ಕ, ಗಂಡ ಹೆಂಡತಿ ಅಕ್ಕಪಕ್ಕ ಕೂರಲು ಶುಲ್ಕ, ಬೋರ್ಡಿಂಗ್ ಪಾಸನ್ನು ಕಾಗದದಲ್ಲಿ ಕೇಳಿದರೆ ಅದಕ್ಕೂ ಶುಲ್ಕ. ಉಸಿರಾಡುವುದಕ್ಕೆ ಮಾತ್ರ ಇನ್ನೂ ದರ ನಿಗದಿಯಾಗಿರಲಿಲ್ಲ.

ಅಂಥವಳ ಮುಂದೆ ಒಂದು ಬೆಳಿಗ್ಗೆ ಒಬ್ಬ ಯುವಕ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ತೋಳಲ್ಲಿ ಎದೆಗವಚಿಕೊಂಡು ಬಂದು ನಿಂತ. ಮಗುವೆಂದುಕೊಂಡು ಅವಳು ಮುಖದಲ್ಲಿ ನಗು ತಂದುಕೊಂಡಳು. ಬಟ್ಟೆ ಸರಿಸಿದರೆ ಪುಸ್ತಕ.

ಅವನು ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್. ಅವನ ಅಪ್ಪ ಒಂದು ಪುಟ್ಟ ಪಂಥದ ಪ್ರಾರ್ಥನಾ ಮಂದಿರದ ಹಿರಿಯರು. ಆ ಪಂಥದ ಹಳೆಯ ಗ್ರಂಥಗಳು ಹರಿದಾಗ ಮಗ ಹೊಲಿದು, ಅಂಟು ಹಾಕಿ, ಬೇರೆ ಊರಿನ ಮಂದಿರಕ್ಕೆ ತಲುಪಿಸಬೇಕು. ತೊಂದರೆ ಏನೆಂದರೆ, ಗ್ರಂಥದಲ್ಲಿ ಬರೆದದ್ದನ್ನು ಅಪ್ಪ ಅಕ್ಷರಕ್ಕೆ ಅಕ್ಷರ ನಂಬುವವರು. ಗ್ರಂಥ ಯಾರ ಕಾಲ ಕೆಳಗೂ ಇರಬಾರದು, ಯಾರ ತಲೆಯ ಮೇಲೂ ಹೊರೆಯಾಗಬಾರದು ಎಂದಿತ್ತಂತೆ. ವಿಮಾನದ ಹೊಟ್ಟೆಗೆ ಹಾಕಿದರೆ ಅದು ಎಲ್ಲರ ಕಾಲ ಕೆಳಗೆ. ಮೇಲಿನ ಗೂಡಿನಲ್ಲಿಟ್ಟರೆ ಎಲ್ಲರ ತಲೆಯ ಮೇಲೆ.

"ಹಾಗಾದ್ರೆ ಮಡಿಲಲ್ಲಿ," ಎಂದ ಬೈಂಡರ್.

ಮಡಿಲಲ್ಲಿ ಅಷ್ಟು ದೊಡ್ಡದನ್ನು ಇಟ್ಟುಕೊಳ್ಳಲು ನಿಯಮ ಬಿಡುತ್ತಿರಲಿಲ್ಲ. ನಿಯಮ ಮಡಿಲಲ್ಲಿ ಬಿಡುವುದು ಒಂದನ್ನೇ, ಎರಡು ವರ್ಷದೊಳಗಿನ ಕೂಸನ್ನು. ತಕ್ಕಡಿ ಪರದೆಯನ್ನು ನೋಡಿದಳು, ಅವನನ್ನು ನೋಡಿದಳು, ಆಮೇಲೆ ತನಗೇ ನಂಬಿಕೆ ಬಾರದ ಹಾಗೆ ಶಿಶು ಶುಲ್ಕದ ಪುಟ ತೆರೆದಳು. ಯಂತ್ರ ಮಗು ಹುಟ್ಟಿದ ದಿನ ಕೇಳಿತು.

"ಬರೆದ ದಿನ ಹೇಳ್ಲಾ, ಬೈಂಡ್ ಮಾಡಿದ ದಿನ ಹೇಳ್ಲಾ?" ಅವನು ತೀರಾ ಗಂಭೀರವಾಗಿ ಕೇಳಿದ. ಕಣ್ಣಂಚಿನಲ್ಲಿ ಮಾತ್ರ ಒಂದು ತುಂಟತನ ಇಣುಕಿ ಓಡಿಹೋಯಿತು.

"ಬರೆದ ದಿನ ಹಾಕಿದ್ರೆ ಹಿರಿಯ ನಾಗರಿಕರ ರಿಯಾಯಿತಿ ಕೊಡಬೇಕಾಗುತ್ತೆ," ಎಂದಳು ಅವಳು. ಕೌಂಟರಿನಲ್ಲಿ ಅವಳು ತಮಾಷೆ ಮಾಡಿದ್ದನ್ನು ಪಕ್ಕದವರು ಕೇಳಿದ್ದು ಅದೇ ಮೊದಲು.

ಗ್ರಂಥ 'ಪುಟ್ಟ' ಎಂಬ ಹೆಸರಿನಲ್ಲಿ ಹಾರಿತು. ಫಜೀತಿಯಾದದ್ದು ಅವನು ವಾಪಸ್ ಬರುವಾಗ. ಹೋಗುವಾಗ ಇದ್ದ ಮಗು ಬರುವಾಗ ಎಲ್ಲಿ ಎಂದು ಆ ಊರಿನ ಯಂತ್ರ ಹಟ ಹಿಡಿಯಿತು. ಅಲ್ಲಿಯವರು ಇವಳಿಗೆ ಫೋನ್ ಮಾಡಿ, ಇವಳು ಅರ್ಧ ಗಂಟೆ ಸಮಜಾಯಿಷಿ ಕೊಟ್ಟು, ಕೊನೆಗೆ ಅವನೇ ಫೋನಿಗೆ ಬಂದ.

"ಮಗು ಕ್ಷೇಮನಾ?" ಎಂದಳು.

"ಕ್ಷೇಮ. ಶೆಲ್ಫಿನ ಮೇಲೆ ಮಲಗಿದೆ," ಎಂದ ಅವನು. ಫೋನಿಟ್ಟ ಮೇಲೂ ಅವಳು ಬಹಳ ಹೊತ್ತು ಒಬ್ಬಳೇ ನಗುತ್ತಿದ್ದಳು.

ಆಮೇಲೆ ಪುಸ್ತಕಗಳು ಒಂದರ ಹಿಂದೊಂದು ಹಾರಿದವು. ಪಕ್ಕದ ಕೌಂಟರ್ ಖಾಲಿ ಹೊಡೆಯುತ್ತಿದ್ದರೂ ಅವನು ಇವಳ ಸಾಲಿನಲ್ಲೇ ಕಾಯುತ್ತಿದ್ದ. ಗುರುತಿನ ಚೀಟಿ ಚಾಚುವಾಗ ಅವನ ಬೆರಳ ತುದಿಯಲ್ಲಿ ಒಣಗಿದ ಅಂಟು ಕಾಣುತ್ತಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಕಿತ್ತು ಬಿಡಬೇಕೆಂದು ಅವಳ ಕೈ ತುರಿಸುತ್ತಿತ್ತು. ಅವನು ಬಾರದ ವಾರಗಳಲ್ಲಿ ಸಾಲಿನಲ್ಲಿ ಬಿಳಿ ಬಟ್ಟೆ ಕಂಡಲ್ಲೆಲ್ಲ ಅವಳ ಎದೆ ಹಾರುತ್ತಿತ್ತು. ಅವಳಿಗೆ ಅವನು ಬೇಕಾಗಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಅಷ್ಟರಲ್ಲಿ ಕಂಪನಿ ಕೌಂಟರುಗಳನ್ನು ಮುಚ್ಚಿ ಆ ಜಾಗದಲ್ಲಿ ಯಂತ್ರಗಳನ್ನು ಇಡಲು ಹೊರಟಿತು. ಮನುಷ್ಯರ ಜೊತೆ ಮಾತಾಡಬೇಕೆನ್ನುವವರಿಗೆ ಇನ್ನು ಮೇಲೆ ಅದಕ್ಕೂ ಶುಲ್ಕ. ತಕ್ಕಡಿಗೆ ದೂರದ ನಿಲ್ದಾಣಕ್ಕೆ ವರ್ಗವಾಯಿತು. ಸುದ್ದಿ ಹೇಳಿದಾಗ ಬೈಂಡರನ ಮುಖ ಕಪ್ಪಿಟ್ಟಿತು. ಏನೋ ಹೇಳಹೊರಟವನು ಪಾಸು ತೆಗೆದುಕೊಂಡು ಹೋಗಿಯೇಬಿಟ್ಟ. ಪುಸ್ತಕಕ್ಕಾಗಿ ಬರುತ್ತಿದ್ದವನು, ಪುಸ್ತಕದೊಂದಿಗೇ ಹೋದ ಎಂದುಕೊಂಡು ಅವಳು ಆ ದಿನ ಊಟ ಮಾಡಲಿಲ್ಲ.

ಅವಳ ಕೊನೆಯ ಕೆಲಸದ ದಿನ ಅವನು ಮತ್ತೆ ಬಂದ. ತೋಳಲ್ಲಿ ಮತ್ತೊಂದು ಪುಟ್ಟ. ಅವಳು ಪರದೆ ನೋಡಲೇ ಇಲ್ಲ.

"ನಂಗೆ ಏನೋ ಹೇಳ್ಬೇಕು ಅಂತಿದೀರಿ. ಬಾಯಿಗೆ ಬೀಗ ಹಾಕ್ಕೊಂಡು ನಿಂತ್ರೆ ನಾನೇನು ತಿಳ್ಕೋಬೇಕು?"

ಅವನು ತಲೆ ತಗ್ಗಿಸಿದ. ಪರರ ನೆಲದ ಮೇಲೆ ನಿಂತು ಮಾತು ಕೊಡಬಾರದು ಎಂದು ಗ್ರಂಥದಲ್ಲಿದೆ ಎಂದ. ಈ ನಿಲ್ದಾಣ ಪರರದು. ಹೊರಗಿನ ರಸ್ತೆಯೂ ಪರರದು. ಗ್ರಂಥ ಮೀರಿ, ಅಪ್ಪನನ್ನು ವಂಚಿಸಿ ಕೊಟ್ಟ ಮಾತು ನಿಮಗೆ ಕೊಡಬೇಕಾದ ಮಾತಲ್ಲ ಎಂದೂ ಹೇಳಿದ.

ತಕ್ಕಡಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ನಿಯಮವೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಒಂದು ಕ್ಷಣ ಯೋಚಿಸಿ, "ವಿಮಾನ ಹಾರುವಾಗ ಕಾಲ ಕೆಳಗೆ ಯಾರ ನೆಲ ಇರುತ್ತೆ?" ಎಂದಳು.

ಅವನು ನಿಧಾನವಾಗಿ ನಕ್ಕ.

ಸಿಬ್ಬಂದಿಗೆ ಸಿಗುವ ಬಿಟ್ಟಿ ಟಿಕೆಟನ್ನು ಅವಳು ಅಂದು ಮೊದಲ ಸಲ ಬಳಸಿದಳು. ಆದರೆ ಸೀಟು ಆರಿಸುವ ಶುಲ್ಕವನ್ನು ಇಬ್ಬರೂ ಕಟ್ಟಿರಲಿಲ್ಲ. ಯಂತ್ರ ಅವನನ್ನು ಕಿಟಕಿಗೆ, ಅವಳನ್ನು ನಡುದಾರಿಯ ಬದಿಗೆ ಹಾಕಿ, ನಡುವೆ ಒಬ್ಬ ಅಜ್ಜಿಯನ್ನು ಕೂರಿಸಿತ್ತು. ಸ್ವಲ್ಪ ಜಾಗ ಬದಲಿಸುತ್ತೀರಾ ಎಂದು ತಕ್ಕಡಿ ಬಹಳ ವಿನಯದಿಂದ ಕೇಳಿದಳು.

"ದುಡ್ಡು ಕೊಟ್ಟು ತಗೊಂಡ ಸೀಟಮ್ಮ ಇದು. ಏಳಲ್ಲ," ಎಂದರು ಅಜ್ಜಿ. ಇಷ್ಟು ವರ್ಷ ತಾನು ಜನರಿಗೆ ಹೇಳುತ್ತಿದ್ದ ಮಾತೇ ತಿರುಗಿ ಬಂದಂತಾಗಿ ತಕ್ಕಡಿ ತನ್ನ ಸೀಟಿನಲ್ಲೇ ಕೂತು ಬೆಲ್ಟು ಬಿಗಿದುಕೊಂಡಳು.

ವಿಮಾನ ಮೇಲೇರಿತು. ಮೋಡಗಳು ಕೆಳಗಾದವು. ಬೈಂಡರ್ ಅಜ್ಜಿಯ ಕಡೆ ನೋಡಿದ, ಅವಳ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ. ಅಜ್ಜಿಗೆ ಎಲ್ಲ ತಿಳಿದುಹೋಯಿತು.

"ಅದೇನಿದೆಯೋ ಹೇಳಪ್ಪ. ಮಗೂನ ಇಲ್ಲಿ ಕೊಡು, ನಾನು ಹಿಡ್ಕೋತೀನಿ," ಎಂದು ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡು, ಕಣ್ಣು ಮುಚ್ಚಿಕೊಂಡರು. ಕಿವಿ ಮಾತ್ರ ತೆರೆದೇ ಇತ್ತು.

"ನೀವಂದ್ರೆ ನಂಗೆ ಪ್ರಾಣ," ಎಂದ ಅವನು. "ನನ್ನನ್ನ ಮದ್ವೆ ಆಗ್ತೀರಾ?"

ಎಷ್ಟೋ ದಿನದಿಂದ ಕಾದಿದ್ದ ಮಾತು. ಅವಳ ಕಣ್ಣು ತುಂಬಿ ಬಂತು. ಹೂಂ ಎನ್ನಲು ಬಾಯಿ ತೆರೆದವಳು ತಡೆದಳು. ನಾಳೆ ಊರಿಗೆ ಮರಳಿದ ಮೇಲೆ, ಅಪ್ಪನ ಎದುರು, ಇವನು ಇನ್ನಾವುದೋ ಸಾಲನ್ನು ನೆನೆದು ಮತ್ತೆ ತಲೆ ತಗ್ಗಿಸಿದರೆ? ನಿಯಮದ ಮರೆಯಲ್ಲಿ ಅವಿತುಕೊಳ್ಳುವುದು ಎಷ್ಟು ಸುಖವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಿಮ್ಮ ಮೇಲೆ ನಂಗೂ ಅಷ್ಟೇ ಪ್ರೀತಿ," ಎಂದಳು. "ಆದ್ರೆ ಮೋಡದ ಮೇಲೆ ನನ್ನ ಸಂಸಾರ ನಡೆಯಲ್ಲ. ನಿಮ್ಮ ಮನೆ ನೆಲ ಪರರದಲ್ಲ ತಾನೆ? ಅಲ್ಲಿಗೆ ಕರ್ಕೊಂಡು ಹೋಗಿ. ನಿಮ್ಮಪ್ಪನ ಎದುರಿಗೇ ಕೇಳಿ. ಅಲ್ಲಿ ಹೂಂ ಅಂತೀನಿ."

ಅವನ ಮುಖದ ಬಣ್ಣ ಇಳಿಯಿತು. ಅಪ್ಪನ ಮುಂದೆ, ಪಂಥದವಳಲ್ಲದ ಹುಡುಗಿಯನ್ನು ನಿಲ್ಲಿಸಿಕೊಂಡು ಕೇಳುವುದೇ!

ಆಮೇಲೆ ಅವನು ಅಜ್ಜಿಯ ಮುಂದಿನಿಂದ ಅವಳತ್ತ ಕೈ ಚಾಚಿದ.

"ಹೋದ ಸಲ ನೀವು ವರ್ಗದ ಸುದ್ದಿ ಹೇಳಿದ್ರಲ್ಲ, ಅವತ್ತೇ ನಿಮ್ಮ ವಿಷಯ ಅಪ್ಪನಿಗೆ ಹೇಳ್ಬಿಟ್ಟೆ," ಎಂದ. "ಅವತ್ತಿನಿಂದ ಅವರು ನನ್ನ ಹತ್ರ ಮಾತಾಡ್ತಿಲ್ಲ. ಆದ್ರೂ ನಾಳೆ ಹೋಗೋಣ. ಅವರು ಬಾಗಿಲು ಹಾಕ್ಕೊಂಡ್ರೆ, ಬಾಗಿಲ ಹೊರಗೆ ನಿಂತೇ ಕೇಳ್ತೀನಿ."

ಬಾಗಿಲ ಹೊರಗಿನದು ರಸ್ತೆ, ಪರರ ನೆಲ. ಅದು ಅವನಿಗೂ ಗೊತ್ತಿತ್ತು. ತಕ್ಕಡಿ ಅವನ ಕೈ ಹಿಡಿದುಕೊಂಡಳು. ವಿಮಾನ ಇಳಿಯುವವರೆಗೂ ಬಿಡಲಿಲ್ಲ.