ಕವರಿನ ಮೇಲಿನ ಹೆಸರು

ನಾನು ಕೊಟ್ಟ ಜಿಂಕ್ ಮಾತ್ರೆಯ ಬಲದಿಂದ ಹುಟ್ಟಿದ ಕೂಸುಗಳನ್ನೆಲ್ಲ ಮದರಾಸಿನ ಪೆರಂಬೂರಿನಲ್ಲಿ ರೈಲು ಹತ್ತಿಸಿದರೆ ಗಾರ್ಡಿಗೂ ನಿಲ್ಲಲು ಜಾಗ ಉಳಿಯದು! ನಲವತ್ತು ವರ್ಷ ಕಾಂಪೌಂಡರನಾಗಿದ್ದ ಈ ಶಿವರಾಮುವಿನ ಕೈಗುಣ ಅಂಥದ್ದು. ಆ ಕೂಸುಗಳಲ್ಲಿ ಮೊದಲನೆಯವಳು ನನ್ನ ಅಕ್ಕ ಜಯಲಕ್ಷ್ಮಿಯ ಮೊಮ್ಮಗಳು ಸುಮೇಧಾ.

ಅಕ್ಕನ ಮಗ ವಿಠ್ಠಲನಿಗೆ ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ. ೧೯೯೯ರಲ್ಲಿ ಪರೀಕ್ಷೆ ಮಾಡಿಸಿದಾಗ ಕೊರತೆ ಕಂಡದ್ದು ಅವನ ವೀರ್ಯಾಣುಗಳ ಎಣಿಕೆಯಲ್ಲಿ. ಡಾಕ್ಟರು ಜಿಂಕ್ ಮಾತ್ರೆ ಬರೆದು, ಉಪಯೋಗವಾದರೆ ಆಗಬಹುದು ಎಂದಷ್ಟೇ ಹೇಳಿದರು. ಗುಟ್ಟು ಗೊತ್ತಿದ್ದದ್ದು ಗಂಡ ಹೆಂಡತಿಗೆ ಮತ್ತು ನನಗೆ. ಮಾತ್ರೆಯ ಕವರಿನ ಮೇಲೆ ರೋಗಿಯ ಹೆಸರು ಬರೆಯುವುದು ನಮ್ಮ ಕಸುಬಿನ ನಿಯಮ. ಆದರೆ ವಿಠ್ಠಲನ ಹೆಂಡತಿ ವೃಂದಾ ಎಂಥ ಮಹಾತಾಯಿ! ಗಂಡನ ಮಾನ ಉಳಿಯಲೆಂದು, ತನ್ನ ಹೆಸರೇ ಬರೆಯಿರಿ ಎಂದು ನನ್ನ ಕಾಲು ಹಿಡಿದಳು. ಅವಳ ಕಣ್ಣೀರಿಗೆ ನನ್ನ ಕೌಂಟರೇ ತೇಲಿಹೋಯಿತು... ಬರೆದುಬಿಟ್ಟೆ.

ಬೀರುವಿನಲ್ಲಿದ್ದ ಆ ಕವರು ಅಕ್ಕನ ಕಣ್ಣಿಗೆ ಬಿತ್ತು. ಕೊರತೆ ಸೊಸೆಯದೇ ಎಂದುಕೊಂಡಳು; ಅಂದಿನಿಂದ ವಿಠ್ಠಲ ಬ್ಯಾಂಕಿಗೆ ಹೊರಟ ಕೂಡಲೇ ಸೊಸೆಯ ಮೇಲೆ ಅವಳ ನಾಲಿಗೆ ಹರಿತವಾಗುತ್ತಿತ್ತು. ವೃಂದಾ ಒಂದು ವರ್ಷ ನುಂಗಿಕೊಂಡಳು... ದಿನವೂ ಮಾತ್ರೆಯನ್ನು ತಾನೇ ಗಂಡನ ಅಂಗೈಗೆ ಹಾಕುತ್ತಿದ್ದಳು. ಅವನು ಕವರನ್ನು ಕಂಡೇ ಇರಲಿಲ್ಲ.

ಅಕ್ಕನ ಮಗಳು ಉಷಾಳ ಸೀಮಂತದ ದಿನ ಮುತ್ತೈದೆಯರು ಬಳೆ ತೊಡಿಸುತ್ತಿದ್ದರು. ವೃಂದಾ ಬಳೆ ಎತ್ತಿಕೊಂಡಳಷ್ಟೇ, ಅಕ್ಕ ಅವನ್ನು ಕಿತ್ತುಕೊಂಡು ಕವರನ್ನು ಎಲ್ಲರೆದುರು ಎಸೆದಳು.

"ಮಾತ್ರೆ ನುಂಗೋ ಗೊಡ್ಡಿನ ಕೈಯಿಂದ ನನ್ನ ಮಗಳಿಗೆ ಬಳೆ ಬೇಡ."

ವಿಠ್ಠಲ ಕವರನ್ನು ಎತ್ತಿಕೊಂಡ. ಹೆಸರು ಓದಿದ. ಜೇಬಿನ ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ತನ್ನ ಹೆಸರು ಬರೆದ. ಅಷ್ಟು ಹೆಂಗಸರೆದುರು ಅದರೊಳಗಿನ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡ.

"ಅಮ್ಮಾ, ಮಾತ್ರೆ ನಂದು. ಕೊರತೆನೂ ನಂದೇ. ಇವಳದ್ದಲ್ಲ."

ಅಂಥ ಗಂಡಸನ್ನು ಮದರಾಸು ಸಾವಿರ ವರ್ಷದಲ್ಲಿ ಕಂಡಿರಲಿಲ್ಲ! ಅಕ್ಕನ ಅಳುವಿಗೆ ಕೂವಂ ನದಿ ಎರಡಡಿ ಏರಿತು. ಕೊನೆಗೆ ಅವಳೇ ಬಳೆಗಳನ್ನು ಸೊಸೆಯ ಕೈಗೆ ಕೊಟ್ಟಳು... ಮರುವರ್ಷ ಸುಮೇಧಾ ಹುಟ್ಟಿದಳು. ಅದು ಮಾತ್ರೆಯ ಫಲವೋ ಅಲ್ಲವೋ ಹೇಳಲಾರೆ ಎಂದರು ಡಾಕ್ಟರು. ನಾನು ಮಾತ್ರ ಹೇಳುತ್ತಲೇ ಬಂದೆ.

ಸುಮೇಧಾಳ ಐದನೇ ಹುಟ್ಟುಹಬ್ಬದಂದು ನೆಂಟರೆದುರು ಈ ಕಥೆಯನ್ನೆಲ್ಲ ಹೇಳುತ್ತಿದ್ದಾಗ ವೃಂದಾ ಒಳಗಿನಿಂದ ಆ ಹಳೆಯ ಕವರನ್ನು ತಂದು ನನ್ನ ಮುಂದಿಟ್ಟಳು.

"ಮಾವ, ನನ್ನ ಹೆಸರು ಬರೀರಿ ಅಂತ ನಾನು ಯಾವತ್ತು ಕೇಳ್ದೆ?"

ಕೈಯಲ್ಲಿದ್ದ ಮೈಸೂರುಪಾಕನ್ನು ನಾನು ತಟ್ಟೆಗಿಟ್ಟೆ.

"ಕೇಳಲಿಲ್ಲ ಕಣಮ್ಮ... ಮಗನ ಹೆಸರು ಕಂಡರೆ ಅಕ್ಕ ನನ್ನ ಬಿಡಲ್ಲ ಅಂತ ಹೆದರಿ ನಾನೇ ಬರೆದೆ. ನೀನು ಬೈಸಿಕೊಳ್ಳೋದನ್ನ ಒಂದು ವರ್ಷ ನೋಡ್ತಾ ಕೂತಿದ್ದೆ. ಆ ರೈಲೂ ಸುಳ್ಳು. ಆ ಮಾತ್ರೆ ನಾನು ಕೊಟ್ಟದ್ದು ಒಬ್ಬನಿಗೇ."