ಬಟ್ಟೆ ಹೊದಿಸಿದ ಟೈಪ್‌ರೈಟರ್

ಶುಕ್ರವಾರ ಬೆಳಿಗ್ಗೆ ಠಾಣೆಗೆ ಬಂದ ಪ್ರಾಧ್ಯಾಪಕರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಧಾರ್ಮಿಕ ಸ್ವಾತಂತ್ರ್ಯ ಮತ್ತು ರಾಜಕೀಯ ಚಿಂತನೆ ಕುರಿತ ಅವರ ಗ್ರಂಥದ ಹಸ್ತಪ್ರತಿ ರಾತ್ರಿ ಕಳವಾಗಿತ್ತು. ಬೇರೆ ಪ್ರತಿಯಿಲ್ಲ, ಸೋಮವಾರ ಅಚ್ಚಿಗೆ ಕೊಡಬೇಕು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಭಾಷಣಕ್ಕೆ ಕಲ್ಲು ಹೊಡೆದೋರೇ. ಇನ್ಯಾರು?"

ಎಫ್‌ಐಆರ್ ದಾಖಲಾಯಿತು. ಆದರೆ ಕಲ್ಲು ಹೊಡೆದವರು ಆ ರಾತ್ರಿ ಇನ್ನೊಂದು ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದು ಇದೇ ಠಾಣೆಯ ಲಾಕಪ್‌ನಲ್ಲಿ ಗೊರಕೆ ಹೊಡೆಯುತ್ತಿದ್ದರು. ಪೊಲೀಸರೇ ಅವರ ಪರ ಸಾಕ್ಷಿ ಹೇಳಬೇಕಾದ ಪರಿಸ್ಥಿತಿ.

ಮನೆಯಲ್ಲಿ ಪಂಚನಾಮೆ ಶುರುವಾಯಿತು. ಓದುವ ಕೋಣೆಯ ಬಾಗಿಲು, ಕಿಟಕಿ ಸರಿಯಾಗಿಯೇ ಇದ್ದವು. ಮಹಿಳಾ ಕಾನ್‌ಸ್ಟೆಬಲ್ ಗಟ್ಟಿಯಾಗಿ ಹೇಳುತ್ತಾ ಬರೆದಳು: "ಟೈಪ್‌ರೈಟರ್ ಒಂದು, ಮೇಲೆ ಬಟ್ಟೆ ಹೊದಿಸಿದೆ."

ಶತಪಥ ಹಾಕುತ್ತಿದ್ದ ಇನ್‌ಸ್ಪೆಕ್ಟರ್ ನಿಂತರು. "ರಾತ್ರಿ ಕೊನೆಗೆ ಇದರ ಮುಂದೆ ಕೂತಿದ್ದು ಯಾರು?"

"ನಾನೇ. ಹಸ್ತಪ್ರತಿ ಪಕ್ಕದಲ್ಲಿಟ್ಟು, ಇದನ್ನ ಮುಚ್ಚದೆ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಈ ಕೋಣೆ ಬಾಗಿಲು ತೆಗೆದೋನೂ ನಾನೇ, ಆಮೇಲೆ ಯಾರನ್ನೂ ಒಳಗೆ ಬಿಟ್ಟಿಲ್ಲ."

"ಬಟ್ಟೆ ಹೊದಿಸಿದ್ದು?"

"ಅದೆಲ್ಲ ಅಕ್ಕ..." ಪ್ರಾಧ್ಯಾಪಕರು ಅಡುಗೆಮನೆ ಕಡೆ ನೋಡಿದರು.

ಅವರನ್ನು ಸಾಕಿ ಬೆಳೆಸಿದ, ಅವರ ಪುಸ್ತಕಗಳನ್ನೆಲ್ಲ ಟೈಪ್ ಮಾಡಿದ ಅಕ್ಕ ಅಡುಗೆಮನೆಯಿಂದ ಕೈ ಒರೆಸುತ್ತಾ ಬಂದರು. "ಹೌದು, ನಾನೇ. ಕಳ್ಳತನಕ್ಕೆ ಹೋದ್ರೂ ಧೂಳು ಕಂಡ್ರೆ ಕೈ ಸುಮ್ನಿರಲ್ಲ ನೋಡಿ."

ಅವರ ಟ್ರಂಕಿನಲ್ಲಿ ಹಸ್ತಪ್ರತಿ ಸಿಕ್ಕಿತು. ಪ್ರಾರ್ಥನೆಗೆ ಕೂರುವ ಹಳೆಯ ಹಾಸಿನಲ್ಲಿ ಸುತ್ತಿಟ್ಟಿದ್ದರು.

"ಯಾಕಮ್ಮಾ ಹೀಗೆ ಮಾಡಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನು ಪ್ರಾರ್ಥನೆಗೆ ಕೂರ್ತಿದ್ದ ಮೂಲೇಲಿ ಇವನು ಕಪಾಟು ತಂದಿಟ್ಟ. ಮನೆಗೆ ಬರೋ ವಿದ್ವಾಂಸರ ಮುಂದೆ ಮುಜುಗರ ಆಗುತ್ತಂತೆ. ಆಮೇಲೆ, ಪ್ರಾರ್ಥನೆ ತಡೆಯೋ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ ಅಂತ ಬರೆದು, ಅದನ್ನೂ ನನ್ನ ಕೈಲೇ ಟೈಪ್ ಮಾಡಿಸ್ದ. ಹೊಟ್ಟೆ ಉರೀತು."

ಪ್ರಾಧ್ಯಾಪಕರು ಇನ್‌ಸ್ಪೆಕ್ಟರ್ ಹತ್ತಿರ ಬಂದರು. "ದೂರು ವಾಪಸ್ ತಗೋತೀನಿ, ಸಾರ್."

"ಬೇಡ ಕಣೋ," ಅಕ್ಕ ಹೇಳಿದರು. "ಮನೇಲಿ ಹೇಳಿದ್ರೆ ನಿನ್ನ ಕಿವಿಗೇ ಬೀಳಲ್ಲ. ಕೋರ್ಟಲ್ಲಿ ಕೂತು ಕೇಳಲೇಬೇಕಾಗುತ್ತೆ."

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಜಪ್ತಿ ಪಟ್ಟಿಯಲ್ಲಿ ಹಸ್ತಪ್ರತಿ ಇತ್ತು. ಹಾಸನ್ನು ಸೇರಿಸಲು ಇನ್‌ಸ್ಪೆಕ್ಟರ್‌ಗೆ ಮನಸ್ಸು ಬರಲಿಲ್ಲ.

ಠಾಣೆಯಲ್ಲಿ ಅಕ್ಕ ಸುತ್ತ ನೋಡಿ ಕೇಳಿದರು: "ಇಲ್ಲಿ ಒಂದು ಮೂಲೆ ಸಿಗುತ್ತಾ?"

ಕಾನ್‌ಸ್ಟೆಬಲ್ ಬೆಂಚು ಸರಿಸಿ ನೆಲ ಗುಡಿಸಿದಳು. ಅಕ್ಕ ಹಾಸು ಹರಡಿ ಕೂತು ಕಣ್ಣು ಮುಚ್ಚಿದರು. ಹೊಸ್ತಿಲಾಚೆ ನಿಂತಿದ್ದ ತಮ್ಮ, ಅಕ್ಕ ಪ್ರಾರ್ಥನೆ ಮುಗಿಸುವವರೆಗೂ ಕಾದರು.