ಅರೆಯುವ ಕಲ್ಲಿನ ಹಿಂದಿನ ನಿಂಬೆಹಣ್ಣು

1961ರ ಮಾರ್ಚ್ 8, ಬುಧವಾರ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸುಳ್ಯ ಕಡೆಯ ಕೃಷಿಕ ಬೋಜಪ್ಪ ಪುತ್ತೂರು ಠಾಣೆಗೆ ಬಂದರು. ಬೆಳಿಗ್ಗೆ ತಾಯಿ ದುಗ್ಗಮ್ಮನೊಂದಿಗೆ ಸುಬ್ರಹ್ಮಣ್ಯದ ಬಸ್ಸು ಹತ್ತಿದ್ದರು. ದರ್ಬೆಯ ಕಿಟ್ಟಣ್ಣನ ಹೋಟೆಲಿನಿಂದ ಎರಡು ಕಟ್ಟು ತಿಂಡಿ ಕೊಂಡಿದ್ದರು: ಹಲಸಿನ ಎಲೆಯಲ್ಲಿ ಬೇಯಿಸಿದ ಇಡ್ಲಿಯಂಥ ಗುಂಡ, ಬಾಳೆಲೆಯಲ್ಲಿ ಕಟ್ಟಿದ ಚಟ್ನಿ. ಕಡಬ ತಲುಪುವಷ್ಟರಲ್ಲಿ ಬಸ್ಸಿನಲ್ಲಿ ಅದನ್ನೇ ತಿಂದ ಹತ್ತೊಂಬತ್ತು ಮಂದಿಗೆ ವಾಂತಿ, ಭೇದಿ. ಮಧ್ಯಾಹ್ನ ದುಗ್ಗಮ್ಮ ತೀರಿಕೊಂಡರು.

"ನೀವು ತಿನ್ಲಿಲ್ವಾ?" ಸಬ್‌ಇನ್‌ಸ್ಪೆಕ್ಟರ್ ಕೃಷ್ಣಮೋಹನ ಕೇಳಿದರು.

"ಗುಂಡ ಮಾತ್ರ. ನನ್ನ ಪಾಲಿನ ಚಟ್ನಿ ಅಮ್ಮನಿಗೇ ಕೊಟ್ಟೆ ಸಾರ್. ರುಚಿ ಉಂಟು ಮಗಾ, ಅಂತ ಕೇಳಿ ತಿಂದ್ರು."

ಎಫ್‌ಐಆರ್ ದಾಖಲಾಯಿತು. ಆರು ಗಂಟೆಗೆ ಹೋಟೆಲಿನ ಅಡಿಗೆಮನೆಯ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಅಚ್ಚುತ ಕಂಡದ್ದನ್ನೆಲ್ಲ ಬರೆಯುವ ಮನುಷ್ಯ. ಅರೆಯುವ ಕಲ್ಲಿನ ಹಿಂದೆ ಬಿದ್ದಿದ್ದ, ಒಂದು ಬದಿ ಗುಳಿ ತೋಡಿದ, ತೆಂಗಿನ ತುರಿ ಮೆತ್ತಿದ ನಿಂಬೆಹಣ್ಣೂ ಏಳನೆಯ ವಸ್ತುವಾಗಿ ಪಟ್ಟಿಗೆ ಸೇರಿತು.

"ಉಪ್ಪಿನಕಾಯಿ ಹಾಕುದಾ ಅಚ್ಚುತಣ್ಣ?" ಕೃಷ್ಣಮೋಹನ ಕೇಳಿದರು. ಅವರು ಘಟ್ಟದ ಮೇಲಿನವರು. ಇಲ್ಲಿಯ ಮಾತು ಕಲಿತು ಮೂರು ವರ್ಷ.

ಕಿಟ್ಟಣ್ಣನ ಹೆಂಡತಿ ಕೌಸಲ್ಯಾ ಬಾಗಿಲಲ್ಲಿ ನಿಂತಿದ್ದಳು.

"ಚಟ್ನಿ ಯಾರು ಅರೆದದ್ದು?"

"ನಾನೇ. ಬಸ್ಸಿನ ಚಟ್ನಿಗೆ ತೆಂಗಿನಕಾಯಿ ಹುರಿದೇ ಅರೆಯುದು ಸಾರ್. ನೀರು ಸೋಕಿಸುದಿಲ್ಲ. ಅಕ್ಕ ಕಲಿಸಿದ್ದು."

ಅಕ್ಕ ಎಂದರೆ ಕಿಟ್ಟಣ್ಣನ ತೀರಿಹೋದ ಅಣ್ಣನ ಹೆಂಡತಿ, ಶಂಕರಿ. ಆಕೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. "ನಾನು ಅಡಿಗೆಮನೆಗೆ ಹೋಗದೆ ಐದು ದಿನ. ಕೈ ಸರಿ ಇಲ್ಲ."

ಉಳಿದ ಚಟ್ನಿ ಪರೀಕ್ಷೆಗೆ ಹೋಯಿತು, ಹೋಟೆಲಿಗೆ ಬೀಗ ಬಿತ್ತು. ಊರಿನವರು ಕೌಸಲ್ಯಾಳನ್ನು ನೋಡಿ ಬೀದಿಯ ಆಚೆ ಬದಿಗೆ ಸರಿದು ನಡೆದರು. ಪ್ರಯೋಗಾಲಯದ ವರದಿ ಬಂದ ಕೂಡಲೇ ಅವಳನ್ನು ಬಂಧಿಸುವುದೆಂದು ಕೃಷ್ಣಮೋಹನ ತೀರ್ಮಾನಿಸಿದ್ದರು.

ವರದಿ ಬಂದದ್ದು 17ಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ. ಚಟ್ನಿಯಲ್ಲಿ ಹಸಿ ತೆಂಗಿನಕಾಯಿಯೂ ಇತ್ತು, ಕೀವಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾವೂ ಇತ್ತು. ಸರಕಾರಿ ವೈದ್ಯರು ವಿವರಿಸಿದರು: "ಅರೆದವರ ಕೈಯಲ್ಲಿ ಹುಣ್ಣು ಇರಬೇಕು. ಕುರು, ಇಲ್ಲ ಉಗುರುಸುತ್ತು. ಒಂದು ರಾತ್ರಿ ಇಟ್ಟರೆ ಸಾಕು, ವಿಷವೇ. ವಾಸನೆ, ರುಚಿ ಎಂತದೂ ಗೊತ್ತಾಗುದಿಲ್ಲ."

ಅಚ್ಚುತ ಪಂಚನಾಮೆಯ ಹಾಳೆ ತಿರುವಿದರು. "ಸಾರ್, ಏಳನೆಯದ್ದು. ಉಗುರುಸುತ್ತಾದರೆ ನಮ್ಮಲ್ಲಿ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುದು. ಅರೆಯುವಾಗ ತೆಗೆದಿಡ್ಬೇಕಲ್ವಾ? ಅವತ್ತೇ ಹೊಳೀಬೇಕಿತ್ತು. ನನ್ನ ಮಂಡೆ."

ಮೂರು ಗಂಟೆಗೆ ಕೃಷ್ಣಮೋಹನ ಶಂಕರಿಯ ಎದುರು ಕುಳಿತರು.

"ಕೈ ತೋರಿಸಿ."

ಬಲಗೈಯ ತೋರುಬೆರಳಿನ ಉಗುರು ಕಪ್ಪಾಗಿ ಅರ್ಧ ಎದ್ದಿತ್ತು.

"ನಿಂಬೆಹಣ್ಣು ಕಲ್ಲಿನ ಹಿಂದೆ ಹೇಗೆ ಹೋಯ್ತು?"

ಶಂಕರಿ ಬೆರಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ತಡೆಯದೆ ಎಲ್ಲ ಹೇಳಿದಳು. ಏಳನೇ ತಾರೀಖಿನ ಮಧ್ಯಾಹ್ನ ಹಸಿ ತೆಂಗಿನಕಾಯಿಯನ್ನು ನೀರು ಹಾಕಿ ಅರೆದು ಮುಚ್ಚಿಟ್ಟದ್ದು. ಮರುದಿನ ಬೆಳಿಗ್ಗೆ ಕೌಸಲ್ಯಾ ಎಲೆ ಬಾಡಿಸಲು ಒಲೆಯ ಕಡೆ ತಿರುಗಿದಾಗ ಅವಳ ಚಟ್ನಿಗೆ ಬೆರೆಸಿದ್ದು.

"ಹಳಸಿದ್ರೆ ಜನ ಉಗುಳ್ತಾರೆ, ಅಷ್ಟೇ ಅಂತ ಇದ್ದೆ. ಹದಿನಾಲ್ಕು ವರ್ಷ ಈ ಹೋಟೆಲಿನಲ್ಲಿ ಅರೆದೆ, ಯಾರೂ ನನ್ನ ಹೆಸರು ಹೇಳ್ಲಿಲ್ಲ. ಅವಳು ಬಂದು ಎರಡು ವರ್ಷ ಆಗ್ಲಿಲ್ಲ. ಬಸ್ಸಿನ ಕಿಟಕಿಯಿಂದ ಕೂಗುದು, ಕೌಸಲ್ಯಕ್ಕನ ಕಟ್ಟು ಕೊಡಿ ಮಾರಾಯ್ರೆ, ಅಂತ. ಕೈ ನನ್ನದು, ಹೆಸರು ಅವಳದ್ದು."

"ಒಂದು ಜೀವ ಹೋಯ್ತಲ್ಲಮ್ಮ."

ಐದು ಗಂಟೆಗೆ ಬಂಧನ ದಾಖಲಾಯಿತು. ಹೇಳಿಕೆ ಕೊಟ್ಟು ಬಂದಿದ್ದ ಕೌಸಲ್ಯಾ ಠಾಣೆಯ ಮೆಟ್ಟಿಲಲ್ಲಿ ಸಿಕ್ಕಿದಾಗ ಶಂಕರಿ ಮುಖ ತಿರುಗಿಸಿದಳು. ಜೀಪು ಹತ್ತುವ ಮೊದಲು ಅಚ್ಚುತನ ಕಡೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದಳು.

"ಆ ಅಜ್ಜಿ ಎರಡನೇ ಸಲ ಕೇಳಿ ತಿಂದದ್ದಂತೆ, ಹೌದಾ?"

"ಹೌದು."

"ಅದ್ರಲ್ಲಿ ನಾನು ಅರೆದದ್ದೇ ಜಾಸ್ತಿ ಇದ್ದದ್ದು."